ಒಂದು ಶೀಶೆ, ನೂರು ಕೋಳಿ

ದಸರಾ ರಜೆ ಮುಗಿದು ಶಾಲೆ ತೆರೆದು ಮೂರು ದಿನವಾಗಿತ್ತು. ಬೆಳಿಗ್ಗೆ ಎಂಟರ ಸುಮಾರಿಗೆ ಕಲಬುರಗಿಯ ನಮ್ಮ ಮನೆಯ ಗೇಟಿನ ಮುಂದೆ ಒಬ್ಬ ಹುಡುಗ ಸೈಕಲ್ ನಿಲ್ಲಿಸಿದ. ಏಳನೆಯ ತರಗತಿಯವನು, ಪಕ್ಕದ ಓಣಿಯವನು. ಬೆನ್ನಿಗೆ ಪಾಟಿಚೀಲ, ಕೈಯಲ್ಲಿ ಬಟ್ಟೆಯ ಚೀಲ. ಆ ಚೀಲದಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ಪುಟ್ಟ ಕೋಳಿ. ಸತ್ತು ಎರಡು ಮೂರು ತಾಸಾಗಿರಬೇಕು.

“ನಿನ್ನಿ ಹುಂಜ ಸತ್ತಿತ್ರಿ ಸರ್, ಇವತ್ತು ಹ್ಯಾಟಿ. ಯಾವ ಔಷಧ ಹಾಕಿದ್ರ ಉಳೀತಿತ್ತು, ಅಷ್ಟ ಹೇಳ್ರಿ.”

ಪಶುವೈದ್ಯನಾಗಿ ನೌಕರಿ ಮಾಡಿ ನಿವೃತ್ತನಾದ ನನಗೆ ಈ ಪ್ರಶ್ನೆ ಹೊಸದೇನಲ್ಲ. ಎತ್ತು ಸತ್ತಾಗ, ಎಮ್ಮೆ ಸತ್ತಾಗ ದೊಡ್ಡವರೂ ಹೀಗೆಯೇ ಕೇಳುತ್ತಾರೆ. ಆದರೆ ಅಳು ನುಂಗಿಕೊಂಡು ಒಂದು ಹುಡುಗ ಕೇಳಿದಾಗ ಉತ್ತರ ಕೊಡುವುದು ಕಷ್ಟ. ಏಕೆಂದರೆ ಸರಿಯಾದ ಉತ್ತರ “ಯಾವ ಔಷಧವೂ ಉಳಿಸುತ್ತಿರಲಿಲ್ಲ” ಎಂಬುದು.

ಆ ಜೋಡಿ ಕೋಳಿ ನನಗೆ ಗೊತ್ತಿತ್ತು. ಆರನೆಯ ತರಗತಿಯಲ್ಲಿ ಒಳ್ಳೆಯ ಅಂಕ ಬಂದದ್ದಕ್ಕೆ ಅವನ ತಂದೆ ಕೊಡಿಸಿದ್ದು. ಬ್ಯಾಂಟಮ್ ಎಂದು ಕರೆಯುವ ಗಿಡ್ಡ ಕೋಳಿಗಳು. ಅಂಗೈಯಲ್ಲಿ ಕೂಡುವಷ್ಟು ಮೈ, ಕಾಲಿನ ತುಂಬ ಪುಕ್ಕ, ಗತ್ತು ಮಾತ್ರ ದೊಡ್ಡ ಹುಂಜದ್ದೇ. ರಜೆಯಲ್ಲಿ ಹುಡುಗ ಅವುಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಹುಮನಾಬಾದ್ ರಸ್ತೆಯ ಬಸ್ ಹತ್ತಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಅಜ್ಜಿಯ ಮನೆಗೆ ಹೋಗಿದ್ದ. ಅಲ್ಲಿಂದ ಬಂದ ಐದನೆಯ ದಿನಕ್ಕೆ ಹುಂಜ ಮೂಲೆ ಹಿಡಿಯಿತು. ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ಕಡೆಗೆ ಕುತ್ತಿಗೆ ತಿರುಚಿಕೊಂಡು ಆಕಾಶ ನೋಡುತ್ತ ಬಿದ್ದಿತು.

ಹುಡುಗನ ತಂದೆಗೆ ಫೋನ್ ಮಾಡಿ, ಮೂವರೂ ಪಶು ಆಸ್ಪತ್ರೆಗೆ ಹೋದೆವು. ಅಲ್ಲಿಯ ವೈದ್ಯರು ಕೋಳಿಯನ್ನು ಕೊಯ್ದು ನೋಡಿದರು. ಜಠರದ ಒಳಗೋಡೆಯಲ್ಲಿ ಸಾಸಿವೆ ಚೆಲ್ಲಿದಂತೆ ರಕ್ತದ ಚುಕ್ಕೆಗಳು. ಹಕ್ಕಿ ಜ್ವರದಲ್ಲಿಯೂ ಹೆಚ್ಚುಕಡಿಮೆ ಇವೇ ಲಕ್ಷಣಗಳು ಕಾಣುವುದರಿಂದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಬಂದ ಉತ್ತರ ನಾವು ಎಣಿಸಿದ್ದೇ: ಕೊಕ್ಕರೆ ರೋಗ. ಪುಸ್ತಕದ ಹೆಸರು ರಾಣಿಖೇತ್.

ಜಾವಾದ ಹೆಸರು, ಜಾವಾದ ರೋಗ

ವಿದ್ಯಾರ್ಥಿಗಳು ಭೂಪಟ ತೆಗೆದು ಇಂಡೋನೇಷ್ಯಾದ ಜಾವಾ ದ್ವೀಪವನ್ನು ಹುಡುಕಲಿ. ಅದರ ಪಶ್ಚಿಮ ತುದಿಯಲ್ಲಿ ಬಾಂಟೆನ್ ಎಂಬ ಹಳೆಯ ಬಂದರು ಇದೆ. ಯೂರೋಪಿನ ಹಡಗಿನವರು ಅಲ್ಲಿ ಕಂಡ ಸಣ್ಣ ಕೋಳಿಗಳಿಗೆ ಆ ಬಂದರಿನ ಹೆಸರನ್ನೇ ಇಟ್ಟರು. ಅದೇ ಬ್ಯಾಂಟಮ್. ಈಗ ಯಾವ ದೇಶದ ಗಿಡ್ಡ ಕೋಳಿಗೂ ಅದೇ ಹೆಸರು.

ಕೊಕ್ಕರೆ ರೋಗವನ್ನು ಬೇರೆಯೇ ಒಂದು ರೋಗವೆಂದು ಜಗತ್ತು ಗುರುತಿಸಿದ್ದು 1926ರಲ್ಲಿ. ಆ ವರ್ಷ ಅದು ಇದೇ ಜಾವಾದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನಲ್ಲಿಯೂ ಕಂಡಿತು. ಹೀಗಾಗಿ ಹೊರದೇಶಗಳಲ್ಲಿ ಇದು ನ್ಯೂಕ್ಯಾಸಲ್ ರೋಗ. ನಮ್ಮ ದೇಶದಲ್ಲಿ ಸ್ವಲ್ಪ ಕಾಲದಲ್ಲೇ ಕುಮಾವ್ ಬೆಟ್ಟಗಳ ರಾಣಿಖೇತ್‌ನಲ್ಲಿ ಪತ್ತೆಯಾದ್ದರಿಂದ ಇಲ್ಲಿ ಆ ಹೆಸರು ನಿಂತಿತು.

ಇದಕ್ಕೆ ಕಾರಣ ಒಂದು ವೈರಾಣು. ರೋಗದ ಕೋಳಿಯ ಉಸಿರಿನಲ್ಲಿ, ಹಿಕ್ಕೆಯಲ್ಲಿ, ಸಿಂಬಳದಲ್ಲಿ ಅದು ಇರುತ್ತದೆ. ನಮ್ಮ ಚಪ್ಪಲಿ, ಬುಟ್ಟಿ, ಸೈಕಲ್ಲಿನ ಗಾಲಿ, ನೀರಿನ ತಟ್ಟೆ ಎಲ್ಲವೂ ಅದಕ್ಕೆ ವಾಹನ. ಮೈಯೊಳಗೆ ಹೊಕ್ಕ ಮೇಲೆ ಸಾಮಾನ್ಯವಾಗಿ ಐದಾರು ದಿನಕ್ಕೆ, ಕೆಲವೊಮ್ಮೆ ಎರಡೇ ದಿನಕ್ಕೆ ಅಥವಾ ಹದಿನೈದು ದಿನಕ್ಕೆ ಲಕ್ಷಣ ಕಾಣುತ್ತದೆ. ಲಸಿಕೆ ಹಾಕದ ಹಿಂಡಿಗೆ ಉಗ್ರರೂಪದಲ್ಲಿ ಬಂದರೆ ಬಹುಪಾಲು ಕೋಳಿ ಸಾಯುತ್ತವೆ. ವೈರಾಣುವನ್ನು ಕೊಲ್ಲುವ ಔಷಧವಿಲ್ಲ. ಅಂಗಡಿಯಲ್ಲಿ ಸಿಗುವ ಪ್ರತಿಜೀವಕದ ಪುಡಿಗಳು ಬ್ಯಾಕ್ಟೀರಿಯಾಗಳಿಗೆ ಹೊರತು ಇದಕ್ಕಲ್ಲ. ಇದರಿಂದ ಕಾಯುವುದು ರೋಗ ಬರುವ ಮುಂಚೆ ಹಾಕಿದ ಲಸಿಕೆ ಒಂದೇ.

“ಹಂಗಾದ್ರ ಲಸಿಕೆ ಯಾಕ ಹಾಕಿಸಲಿಲ್ಲ ಅಪ್ಪಾ?” ಹುಡುಗ ತಂದೆಯ ಮುಖ ನೋಡಿದ.

ತಂದೆ ಅಲಕ್ಷ್ಯ ಮಾಡಿದವರಲ್ಲ. ಎರಡು ಸಲ ವಿಚಾರಿಸಿ ಬಂದಿದ್ದರು. ಸಿಕ್ಕ ಉತ್ತರ: “ಶೀಶೆ ಒಡೆದರ ನೂರು ಕೋಳಿಗೆ ಆಗ್ತದರಿ. ನಿಮ್ಮವು ಎರಡು. ಇನ್ನಷ್ಟು ಮಂದಿ ಕೂಡಿ ಬರ್ರಿ.” ಅವರು ಕೂಡಲಿಲ್ಲ. ಕೋಳಿ ಸಾಕಿದ ಇನ್ನಷ್ಟು ಮಂದಿ ಯಾರು ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ನಾಲ್ಕೆಂಟು ಕೋಳಿ ಸಾಕುವವರ ನಿಜವಾದ ತೊಂದರೆ ಇದೇ. ಲಸಿಕೆ ಒಣಪುಡಿಯ ರೂಪದಲ್ಲಿ ಪುಟ್ಟ ಶೀಶೆಯಲ್ಲಿ ಬರುತ್ತದೆ. ಸಣ್ಣದೆಂದರೂ ಸಾಮಾನ್ಯವಾಗಿ ನೂರು ಕೋಳಿಗಾಗುವಷ್ಟು. ಅದರಲ್ಲಿ ಇರುವುದು ಬಲಗುಂದಿಸಿದ ಜೀವಂತ ವೈರಾಣು. ನೀರು ಬೆರೆಸಿದ ಮೇಲೆ ಬರ್ಫಿನಲ್ಲಿಟ್ಟು ಎರಡು ತಾಸಿನೊಳಗೆ ಮುಗಿಸಬೇಕು. ಉಳಿದದ್ದನ್ನು ನಾಳೆಗೆ ಇಡುವಂತಿಲ್ಲ. ಸಾವಿರ ಕೋಳಿಯ ಫಾರ್ಮಿಗೆ ಇದು ಸುಲಭ. ಎರಡು ಕೋಳಿಯ ಹುಡುಗನಿಗೆ, ಎಂಟು ಕೋಳಿಯ ಅಜ್ಜಿಗೆ ಕಷ್ಟ.

ಅಗ್ಗದ ಕೋಳಿ

ಮುಂದಿನ ರವಿವಾರ ತಂದೆ ಮಗನ ಜೊತೆ ಕಮಲಾಪುರಕ್ಕೆ ನಾನೂ ಹೋದೆ. ಅಜ್ಜಿಯ ಅಂಗಳದಲ್ಲಿ ಹನ್ನೊಂದು ಜವಾರಿ ಕೋಳಿಗಳಿದ್ದವಂತೆ. ಉಳಿದದ್ದು ನಾಲ್ಕು. ಆ ನಾಲ್ಕನ್ನೂ ಕಾಲು ಕಟ್ಟಿ ಬುಟ್ಟಿಯಲ್ಲಿ ಹಾಕಿಟ್ಟಿದ್ದರು, ಸಂತೆಗೆ ಒಯ್ಯಲು.

“ಆಯಿ, ಇವನ್ನ ಮಾರಬ್ಯಾಡ್ರಿ. ನೋಡಾಕ ಛಲೋ ಕಾಣ್ತಾವ, ಆದ್ರ ಒಳಗ ರೋಗ ಇರಬಹುದು” ಎಂದೆ.

“ಎಲ್ಲಾರೂ ಹಿಂಗ ಮಾಡ್ತಾರ್ರೀ ಸಾಹೇಬ್ರ. ನಾ ಒಬ್ಬಾಕಿ ಮಾರದಿದ್ರ ರೋಗ ನಿಲ್ತದೇನು? ಏಳು ಕೋಳಿ ಮಣ್ಣಾಗ ಹೋದ್ವು. ಇವೂ ಹೋದ್ರ ಯಾರು ಕೊಡ್ತಾರ?”

ಆ ಮಾತಿಗೆ ನನ್ನಲ್ಲಿ ತಟ್ಟನೆ ಉತ್ತರವಿರಲಿಲ್ಲ. ತತ್ತಿ ಮಾರಿ, ಹಬ್ಬಕ್ಕೊಂದು ಹುಂಜ ಮಾರಿ ಕೈಖರ್ಚಿಗೆ ಮಾಡಿಕೊಳ್ಳುವ ಹೆಂಗಸು ಆಕೆ. ನಾಲ್ಕು ಕೋಳಿ ಎಂದರೆ ಆಕೆಗೆ ನಾಲ್ಕು ಕೋಳಿಯಷ್ಟೇ ಅಲ್ಲ. ನಷ್ಟವನ್ನು ಬಡವರ ತಲೆಗೆ ಕಟ್ಟಿ ನೀತಿ ಹೇಳುವುದು ಸುಲಭ.

ಮಾತು ಬೇರೆ ಕಡೆ ತಿರುಗಿಸಿ, ಮೊದಲು ಸತ್ತದ್ದು ಯಾವ ಕೋಳಿ ಎಂದು ಕೇಳಿದೆ. “ಅದು ಹೊಸಾದ್ರಿ, ಕಪ್ಪು ಹ್ಯಾಟಿ. ದಸರಾಕ್ಕ ಎಂಟು ದಿನ ಇದ್ದಾಗ ಸಂತ್ಯಾಗ ತಂದಿದ್ದೆ. ಅಗ್ಗ ಸಿಕ್ಕಿತ್ತು.”

ಪಕ್ಕದಲ್ಲಿದ್ದ ಮೊಮ್ಮಗ ಮೆಲ್ಲಗೆ ಕೇಳಿದ: “ಆಯಿ, ಅದನ್ನ ಮಾರಿದವರ ಮನ್ಯಾಗೂ ಕೋಳಿ ಸತ್ತಿದ್ವೇನೋ?”

ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಬುಟ್ಟಿಯಲ್ಲಿದ್ದ ಕೋಳಿಗಳ ಕಾಲಿನ ಹಗ್ಗ ಬಿಚ್ಚಿದರು.

ರೋಗ ಊರಿಂದೂರಿಗೆ ಹೋಗುವುದು ಹೆಚ್ಚಾಗಿ ಹೀಗೆಯೇ. ಹಿಂಡಿನಲ್ಲಿ ಸಾವು ಶುರುವಾದ ಕೂಡಲೇ ಉಳಿದವನ್ನು ಅವಸರದಲ್ಲಿ ಮಾರುತ್ತಾರೆ. ಕೊಂಡವರು ಅಗ್ಗವೆಂದು ಸಂತೋಷಪಡುತ್ತಾರೆ. ಅದಕ್ಕೇ ಎರಡು ನಿಯಮಗಳು. ಒಂದು, ಸಾವು ಕಂಡ ಹಿಂಡಿನಿಂದ ಕೋಳಿ ಮಾರಬಾರದು, ಯಾರಿಗೂ ಉಡುಗೊರೆ ಕೊಡಬಾರದು. ಸತ್ತವನ್ನು ಗಟಾರಕ್ಕೋ ತಿಪ್ಪೆಗೋ ಎಸೆಯದೆ ಆಳವಾಗಿ ಹೂಳಿ ಮೇಲೆ ಸುಣ್ಣ ಹಾಕಬೇಕು. ಎರಡು, ಹೊಸದಾಗಿ ತಂದ ಕೋಳಿಯನ್ನು ಮೂರು ವಾರ ಬೇರೆ ಕಡೆ ಕಟ್ಟಿ ಸಾಕಬೇಕು. ಅದರ ನೀರು, ಕಾಳಿನ ತಟ್ಟೆ ಬೇರೆ ಇರಬೇಕು. ಮೊದಲು ಹಳೆಯ ಕೋಳಿಗಳ ಕೆಲಸ ಮುಗಿಸಿ, ಆಮೇಲೆ ಹೊಸದರ ಹತ್ತಿರ ಹೋಗಬೇಕು. ಊರಿಗೆ ಹೋಗಿ ಬಂದ ನಿಮ್ಮ ಸ್ವಂತ ಕೋಳಿಗೂ ಈ ನಿಯಮ ಅನ್ವಯ.

ತೊಂಬತ್ತಮೂರು ಕೋಳಿಗಳ ಪಟ್ಟಿ

ಅಜ್ಜಿಯ ಅಂಗಳದಲ್ಲಿ ಲಸಿಕೆಯ ಮಾತು ಆಗ ಆಡುವಂತಿರಲಿಲ್ಲ. ರೋಗ ಹೊಕ್ಕ ಹಿಂಡಿಗೆ ಲಸಿಕೆ ತಡವಾದ ಮಾತು. ಆದರೆ ರೋಗ ಇನ್ನೂ ಕಾಲಿಡದ ಓಣಿಗಳಿದ್ದವು. ಹುಡುಗನಿಗೆ ಒಂದು ಕೆಲಸ ಹೇಳಿದೆ: ಯಾರ ಅಂಗಳಕ್ಕೂ ಕಾಲಿಡದೆ, ಬಾಗಿಲಲ್ಲೇ ನಿಂತು, ಯಾರ ಮನೆಯಲ್ಲಿ ಎಷ್ಟು ಕೋಳಿ, ಎಷ್ಟು ಮರಿ, ಕೊನೆಯ ಸಲ ಯಾವಾಗ ಸತ್ತವು ಎಂದು ಕೇಳಿ ಬರೆದುಕೊಂಡು ಬಾ.

ಸಂಜೆಗೆ ಪಟ್ಟಿ ಸಿದ್ಧವಾಯಿತು. ಹದಿನಾಲ್ಕು ಮನೆ, ದೊಡ್ಡ ಕೋಳಿ ತೊಂಬತ್ತಮೂರು. ಒಂದು ಶೀಶೆಯ ಲೆಕ್ಕ ಹೆಚ್ಚುಕಡಿಮೆ ಸರಿಹೋಯಿತು. ತನ್ನ ಪಕ್ಕದ ಮನೆಯಲ್ಲಿ ಎಷ್ಟು ಕೋಳಿ ಇವೆ ಎಂದು ಎಲ್ಲರಿಗೂ ಗೊತ್ತಿತ್ತು. ಕೂಡಿಸಿ ನೋಡಿದವರು ಮಾತ್ರ ಯಾರೂ ಇರಲಿಲ್ಲ.

ಜಂತುಹುಳದ ಔಷಧ ಕೊಟ್ಟು, ಹತ್ತು ದಿನ ಬಿಟ್ಟು, ಒಂದು ಬೆಳಗಿನ ಜಾವ ಲಸಿಕೆ ಹಾಕಿದರು. ಕೋಳಿ ಬಿಡುವ ಮುಂಚೆಯೇ ಹೋಗಬೇಕು, ಬಿಟ್ಟ ಮೇಲೆ ಹಿಡಿಯುವುದು ದೇವರಿಗೇ ಪ್ರೀತಿ. ಪಶುವೈದ್ಯ ಸಿಬ್ಬಂದಿ ಥರ್ಮಾಸಿನಲ್ಲಿ ಬರ್ಫು ಹಾಕಿಕೊಂಡು ಬಂದರು. ದೊಡ್ಡ ಕೋಳಿಗೆ ಚರ್ಮದಡಿ ಅರ್ಧ ಮಿಲಿಲೀಟರಿನ ಚುಚ್ಚುಮದ್ದು. ಬೇವಿನ ಮರದ ಮೇಲೆ ಮಲಗಿದ್ದ ಮೂರು ಕೋಳಿಗಳು ಮಾತ್ರ ಕೈಗೆ ಸಿಗಲಿಲ್ಲ. ಮಿಕ್ಕವೆಲ್ಲ ಒಂದೂವರೆ ತಾಸಿನಲ್ಲಿ ಮುಗಿದವು.

ಪಾಲಕರು ಗುರುತು ಮಾಡಿಕೊಳ್ಳಲಿ: ಮರಿಗಳಿಗೆ ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಹಾಕುವ ಸೌಮ್ಯ ಲಸಿಕೆ, ಕೆಲವು ವಾರ ಬಿಟ್ಟು ಅದರದೇ ಮರುಹನಿ, ಎಂಟು ವಾರ ದಾಟಿದ ಮೇಲೆ ಚುಚ್ಚುಮದ್ದು. ಚುಚ್ಚುಮದ್ದಿನ ಲಸಿಕೆ ಸ್ವಲ್ಪ ಬಿರುಸು. ಎಳೆಯ ಮರಿಗಳಿಗೆ ಅದನ್ನು ಹಾಕುವುದಿಲ್ಲ. ರೋಗದ ಕೋಳಿಗೂ ಹಾಕುವುದಿಲ್ಲ. ಹಾಕಿದ ಮೇಲೆ ಎರಡು ಮೂರು ದಿನ ಮಂಕಾಗಿದ್ದರೆ ಗಾಬರಿ ಬೇಡ. ಹಿಡಿದುಕೊಟ್ಟ ಮಕ್ಕಳು ಕೈ ತೊಳೆಯದೆ ಕಣ್ಣು ಉಜ್ಜಿಕೊಂಡರೆ ಕಣ್ಣು ಕೆಂಪಾಗಬಹುದು, ಅಷ್ಟು ಎಚ್ಚರವಿರಲಿ.

ಸಣ್ಣ ಮೈಯ ಲೆಕ್ಕ

ಗಿಡ್ಡ ಕೋಳಿಗೆ ರೋಗಗಳು ಬೇರೆಯಲ್ಲ, ಲೆಕ್ಕ ಬೇರೆ. ಅದರ ತೂಕ ಅರ್ಧ ಕಿಲೋದಿಂದ ಒಂದು ಕಿಲೋ. ಲಸಿಕೆಯ ಪ್ರಮಾಣ ದೊಡ್ಡ ಕೋಳಿಗೂ ಗಿಡ್ಡ ಕೋಳಿಗೂ ಒಂದೇ. ಆದರೆ ಜಂತುಹುಳದ ಔಷಧ, ಪ್ರತಿಜೀವಕ ಇವೆಲ್ಲ ಮೈತೂಕದ ಮೇಲೆ. ಎರಡು ಕಿಲೋ ಕೋಳಿಗೆ ಹೇಳಿದ್ದನ್ನು ಅರ್ಧ ಕಿಲೋ ಕೋಳಿಗೆ ಕುಡಿಸಿದರೆ ನಾಲ್ಕು ಪಟ್ಟಾಯಿತು. ಆದ್ದರಿಂದ ವೈದ್ಯರ ಹತ್ತಿರ ಹೋಗುವಾಗ ತೂಕ ಬರೆದುಕೊಂಡು ಹೋಗಿ.

ಎರಡನೆಯ ಲೆಕ್ಕ ಬಿಸಿಲಿನದು. ಲೋಟದ ಚಹಾ ಆರುವ ಹೊತ್ತಿಗೆ ಹಂಡೆಯ ನೀರು ಆರುವುದಿಲ್ಲ. ಸಣ್ಣ ವಸ್ತುವಿಗೆ ತೂಕಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು. ಹೀಗಾಗಿ ಸಣ್ಣ ಕೋಳಿ ಬೇಗ ತಣ್ಣಗಾಗುತ್ತದೆ, ಬೇಗ ಬಿಸಿಯೂ ಆಗುತ್ತದೆ. ಜಾತ್ರೆಯಲ್ಲಿ ಬಣ್ಣ ಹಚ್ಚಿ ಮಾರುವ ಮರಿಗಳು ಎರಡು ಮೂರು ದಿನದಲ್ಲಿ ಸಾಯುವುದಕ್ಕೆ ಇದೂ ಒಂದು ಮುಖ್ಯ ಕಾರಣ. ಮೊದಲ ವಾರದ ಮರಿಗೆ ಸುಮಾರು 35 ಡಿಗ್ರಿ ಕಾವು ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ತಾಯಿಯ ರೆಕ್ಕೆ ಇಲ್ಲದಿದ್ದರೆ ಬಲ್ಬಿನ ಕಾವಾದರೂ ಬೇಕು. ಬರಿಯ ರಟ್ಟಿನ ಡಬ್ಬಿ, ಅಕ್ಕಿ ನುಚ್ಚು ಸಾಲದು.

ಬೇಸಿಗೆಯಲ್ಲಿ ಕಷ್ಟ ತಿರುಗುಮುರುಗು. ಕೋಳಿಯ ಮೈಶಾಖ ಸುಮಾರು 41 ಡಿಗ್ರಿ. ಅದಕ್ಕೆ ಬೆವರು ಗ್ರಂಥಿ ಇಲ್ಲ. ಕಲಬುರಗಿಯ ಮೇ ತಿಂಗಳಲ್ಲಿ ಕೆಲವು ದಿನ ಗಾಳಿಯೇ 43–44 ಡಿಗ್ರಿ ಮುಟ್ಟುತ್ತದೆ. ಮೈಗಿಂತ ಗಾಳಿ ಬಿಸಿಯಾದಾಗ ಜುಟ್ಟಿನಿಂದಾಗಲಿ ರೆಕ್ಕೆ ಬಿಚ್ಚುವುದರಿಂದಾಗಲಿ ಶಾಖ ಹೊರಹೋಗದು. ಬಾಯಿ ತೆರೆದು ತೇಕಿ, ಒಳಗಿನ ತೇವ ಆರಿಸಿಕೊಳ್ಳುವುದೊಂದೇ ದಾರಿ. ಆ ತೇವ ಬರುವುದು ಕುಡಿದ ನೀರಿನಿಂದ. ಆದ್ದರಿಂದ ನೆರಳಿನಲ್ಲಿ ಎರಡು ಕಡೆ ತಣ್ಣೀರು ಇಡಿ, ಮಧ್ಯಾಹ್ನ ಬದಲಿಸಿ. ತಗಡಿನ ಗೂಡಿನ ಮೇಲೆ ಹಸಿ ಗೋಣಿತಟ್ಟು ಹಾಕಿ, ಗಾಳಿ ಆಡಲಿ. ಕಾಳನ್ನು ನಸುಕಿನಲ್ಲಿ ಮತ್ತು ಹೊತ್ತಿಳಿದ ಮೇಲೆ ಕೊಡಿ. ತಿಂದದ್ದು ಅರಗುವಾಗಲೂ ಮೈ ಕಾಯುತ್ತದೆ. ಬಿಸಿಲಿಗೆ ಬಿದ್ದ ಕೋಳಿಯನ್ನು ನೆರಳಿಗೆ ತಂದು ಕಾಲು, ಜುಟ್ಟು ತೋಯಿಸಿ, ತಾನೇ ಕುಡಿಯಲು ಬಿಡಿ. ಬಾಯಿಗೆ ನೀರು ಸುರಿದರೆ ಶ್ವಾಸಕ್ಕೆ ಹೋದೀತು.

ನಮ್ಮ ಊರಿನ ಅಂಗಳಗಳಿಗೆ ಹಾಸುವುದು ಶಹಾಬಾದ್ ಫರಸಿ. ಎತ್ತರದ ಕೋಲಿನಿಂದ ಗಟ್ಟಿ ಕಲ್ಲಿನ ಮೇಲೆ ದಿನವೂ ಹಾರಿದರೆ ಅಂಗಾಲು ಒಡೆದು, ಕೀವು ಗಟ್ಟಿಯಾಗಿ ಗಂಟು ಕಟ್ಟುತ್ತದೆ. ಕೂಡುವ ಕೋಲನ್ನು ಮೊಣಕಾಲೆತ್ತರಕ್ಕೆ ಇಳಿಸಿ, ಕೆಳಗೆ ಹೊಟ್ಟು ಹಾಸಿ. ಕಾಲಿನ ಹುರುಪೆಗಳು ಎದ್ದು ಸುಣ್ಣ ಮೆತ್ತಿದಂತೆ ಕಂಡರೆ ಅದು ಹುರುಪೆಯಡಿ ಕೊರೆಯುವ ನುಸಿ. ಕಾಲಲ್ಲಿ ಪುಕ್ಕವಿರುವ ಗಿಡ್ಡ ಕೋಳಿಗಳಲ್ಲಿ ಇದು ಬೇಗ ಕಣ್ಣಿಗೆ ಬೀಳುವುದಿಲ್ಲ. ಉಗುರು ಬೆಚ್ಚಗಿನ ನೀರಿನಲ್ಲಿ ಕಾಲು ನೆನೆಸಿ, ಒರೆಸಿ, ವ್ಯಾಸಲೀನನ್ನು ದಪ್ಪನಾಗಿ ಹಚ್ಚಿ ಕೆಲವು ವಾರ ಬಿಡದೆ ಮಾಡಿದರೆ ನುಸಿಗೆ ಉಸಿರುಕಟ್ಟುತ್ತದೆ.

ಇನ್ನೊಂದು ಎಚ್ಚರಿಕೆ ಒಕ್ಕಲುತನದ ಮನೆಗಳಿಗೆ. ನಮ್ಮದು ತೊಗರಿಯ ನಾಡು. ಕಾಯಿಕೊರಕಕ್ಕೆ ತಂದ ಔಷಧ ಮೂಲೆಯಲ್ಲಿ ಉಳಿದಿರುತ್ತದೆ. ಹೇನು ಬಿದ್ದ ಕೋಳಿಗೆ ಅದನ್ನೇ ನೀರಿಗೆ ಬೆರೆಸಿ ಸವರುವವರಿದ್ದಾರೆ. ಹೇನಿನ ಜೊತೆ ಕೋಳಿಯೂ ಸಾಯುತ್ತದೆ, ಸವರಿದ ಮಗುವಿಗೂ ಅಪಾಯ. ಬಣ್ಣದ ಪುಡಿ ಲೇಪಿಸಿದ ಬಿತ್ತನೆ ಬೀಜ ಉಳಿದರೆ ಅಂಗಳಕ್ಕೆ ಚೆಲ್ಲಬೇಡಿ, ಅದೂ ವಿಷ. ಹೇನಿಗೆ ಮೊದಲ ಉಪಾಯ ಕೋಳಿಗೇ ಗೊತ್ತು: ಒಣ ಮಣ್ಣಿಗೆ ಒಲೆಯ ಬೂದಿ ಬೆರೆಸಿದ ಒಂದು ಗುಂಡಿ ಮಾಡಿಕೊಡಿ, ಅದರಲ್ಲಿ ಹೊರಳಿ ತಾನೇ ಮೈ ಝಾಡಿಸಿಕೊಳ್ಳುತ್ತದೆ. ಅದರಿಂದಲೂ ಕಡಿಮೆಯಾಗದಿದ್ದರೆ ಕೋಳಿಗೆಂದೇ ಇರುವ ಔಷಧವನ್ನು ವೈದ್ಯರಿಂದ ಕೇಳಿ.

ಮಳೆಗಾಲದಲ್ಲಿ ಗೂಡಿನ ಹೊಟ್ಟು ತೇವವಾದರೆ ಮರಿಗಳಿಗೆ ರಕ್ತಭೇದಿ ಬರುತ್ತದೆ. ಹಿಕ್ಕೆಯಲ್ಲಿ ಬಿದ್ದ ರೋಗಾಣುವಿನ ಕೋಶ ಒಂದೆರಡು ದಿನ ತೇವದಲ್ಲಿ ಬಲಿತ ಮೇಲೆಯೇ ಮತ್ತೊಂದು ಮರಿಗೆ ರೋಗ ತರುವುದು. ದಿನವೂ ಹಿಕ್ಕೆ ತೆಗೆದರೆ ಅರ್ಧ ರೋಗ ತೆಗೆದಂತೆ. ನಿಂತ ನೀರಿನ ಸೊಳ್ಳೆಯಿಂದ ಕೋಳಿ ಸಿಡುಬು ಹರಡುತ್ತದೆ, ಅದಕ್ಕೂ ಲಸಿಕೆ ಇದೆ.

ಬೆಳಗಿನ ಎರಡು ನಿಮಿಷ

ಆ ಹುಡುಗ ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದ: “ಸೋಮವಾರ ಸಂಜಿಗೂ ಛಲೋ ಇತ್ರಿ. ಮುಂಜಾನಿಗಿ ಒಮ್ಮೆಗೇ ಹೆಂಗ ಮಲಗ್ತು?”

ಒಮ್ಮೆಗೇ ಅಲ್ಲ. ಕೋಳಿಯ ಮೂಲ ಕಾಡುಕೋಳಿ. ಕಾಡಿನಲ್ಲಿ ಸೊರಗಿದಂತೆ ಕಂಡ ಹಕ್ಕಿಯನ್ನೇ ಬೇಟೆಯ ಪ್ರಾಣಿ ಮೊದಲು ಹಿಡಿಯುತ್ತದೆ, ಜೊತೆಯ ಕೋಳಿಗಳೂ ಕುಕ್ಕಿ ಓಡಿಸುತ್ತವೆ. ಆದ್ದರಿಂದ ಶಕ್ತಿ ಇರುವ ತನಕ ಕೋಳಿ ರೋಗ ತೋರಗೊಡುವುದಿಲ್ಲ. ಅದು ಕಣ್ಣುಮುಚ್ಚಿ, ಪುಕ್ಕ ಉಬ್ಬಿಸಿ ಕೂತಾಗ ನಮಗೆ ರೋಗ ಶುರುವಾದಂತೆ ಕಾಣುತ್ತದೆ. ಅದಕ್ಕೆ ಅದು ಬಹಳ ಮುಂದೆ ಹೋದ ಹೊತ್ತು.

ಅದಕ್ಕೇ ಪ್ರತಿದಿನ ಗೂಡು ತೆರೆಯುವಾಗ ಎರಡು ನಿಮಿಷ ಸುಮ್ಮನೆ ನೋಡುವುದು. ಮೊದಲು ಹೊರಗೆ ಓಡಿ ಬಂದದ್ದು ಯಾವುದು, ಹಿಂದುಳಿದದ್ದು ಯಾವುದು? ಕಣ್ಣು ನಿಚ್ಚಳವೋ, ನೊರೆಯೋ? ಜುಟ್ಟು ಕೆಂಪೋ, ಬಿಳಿಚಿದೆಯೋ, ನೀಲಿಯೋ? ಬಾಯಿ ಮುಚ್ಚಿ ಉಸಿರಾಡುತ್ತಿದೆಯೇ? ಹಿಕ್ಕೆ ಹೇಗಿದೆ? ಕುತ್ತಿಗೆಯ ಬುಡದ ಕಾಳಿನ ಚೀಲ ರಾತ್ರಿ ತುಂಬಿರಬೇಕು, ಬೆಳಿಗ್ಗೆ ಖಾಲಿಯಾಗಿರಬೇಕು. ಬೆಳಿಗ್ಗೆಯೂ ಗಟ್ಟಿಯಾಗಿದ್ದರೆ ಏನೋ ಸಿಕ್ಕಿಕೊಂಡಿದೆ. ಹ್ಯಾಟಿ ಬಾಲ ಇಳಿಬಿಟ್ಟು, ಪೆಂಗ್ವಿನ್ ಹಕ್ಕಿಯಂತೆ ನೆಟ್ಟಗೆ ನಿಂತು ಮುಕ್ಕುತ್ತಿದ್ದರೆ ತತ್ತಿ ಸಿಕ್ಕಿಕೊಂಡಿರಬಹುದು. ಕೆಳಮೈಯನ್ನು ಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ನಿಮಿಷ ಇರಿಸಿ, ಅದಕ್ಕೂ ಬಾರದಿದ್ದರೆ ತಡಮಾಡದೆ ವೈದ್ಯರ ಬಳಿಗೆ ಒಯ್ಯಿರಿ, ಕೈಹಾಕಿ ಎಳೆಯಬೇಡಿ. ವಾರಕ್ಕೊಮ್ಮೆ ತಕ್ಕಡಿಯಲ್ಲಿ ತೂಕ ನೋಡಿ ನೋಟುಬುಕ್ಕಿನಲ್ಲಿ ಬರೆಯಿರಿ. ಕಣ್ಣಿಗೆ ಕಾಣುವ ಮುಂಚೆ ತೂಕ ಹೇಳುತ್ತದೆ. ಇಷ್ಟಾದ ಮೇಲೆ ಸಾಬೂನು ಹಚ್ಚಿ ಕೈ ತೊಳೆದುಕೊಂಡೇ ತಿಂಡಿಗೆ ಕೂಡುವುದು. ಕೋಳಿಗೆ ಮುತ್ತು ಕೊಡುವುದು ಬೇಡ. ನೋಡಲು ಆರೋಗ್ಯವಾಗಿರುವ ಕೋಳಿಯಲ್ಲೂ ನಮಗೆ ಭೇದಿ ತರುವ ಕ್ರಿಮಿಗಳಿರುತ್ತವೆ.

“ಓದುವ ಹುಡುಗರಿಗೆ ಕೋಳಿಯ ಉಸಾಬರಿ ಯಾಕೆ?” ಎಂದು ಕೇಳುವ ಪಾಲಕರಿದ್ದಾರೆ. ಕೊಡಿಸದಿದ್ದರೆ ತಪ್ಪಿಲ್ಲ. ಕೊಡಿಸಿದರೆ ಜೊತೆಗೆ ಒಂದು ಮಾತು ಆಗಲಿ: ಪರೀಕ್ಷೆಯ ದಿನವೂ ಎರಡು ನಿಮಿಷ ನೋಡುವವರು ಯಾರು, ಊರಿಗೆ ಹೋದಾಗ ನೀರು ಇಡುವವರು ಯಾರು, ಲಸಿಕೆಯ ದಿನ ನೆನಪಿಡುವವರು ಯಾರು. ಈ ಮೂರಕ್ಕೆ ಮನೆಯಲ್ಲಿ ಉತ್ತರವಿಲ್ಲದಿದ್ದರೆ ಮಾರುವವನ ಬುಟ್ಟಿಯ ಮುಂದೆ ನಿಲ್ಲಬೇಡಿ.

ಅಜ್ಜಿಯ ನಾಲ್ಕು ಕೋಳಿಗಳಲ್ಲಿ ಎರಡು ಮರುವಾರ ಸತ್ತವು. ಎರಡು ಉಳಿದವು. ಸಂತೆಗೆ ಹೋಗಿದ್ದರೆ ಆ ನಾಲ್ಕು ಇನ್ನೆಷ್ಟು ಅಂಗಳ ಸೇರುತ್ತಿದ್ದವೋ. ಲಸಿಕೆ ಹಾಕಿದ ಓಣಿಗಳಲ್ಲಿ ಆ ಚಳಿಗಾಲದಲ್ಲಿ ಸಾವಿನ ಸುದ್ದಿ ಬರಲಿಲ್ಲ. ಹುಡುಗ ಇನ್ನೂ ಹೊಸ ಜೋಡಿ ತಂದಿಲ್ಲ. ಕಲಬುರಗಿಯ ನಮ್ಮ ಎರಡು ಓಣಿಗಳ ಪಟ್ಟಿ ಮಾಡುತ್ತಿದ್ದಾನೆ. ನಲವತ್ತೊಂದು ಕೋಳಿಯ ತನಕ ಬಂದಿದೆ. ಶೀಶೆ ಒಡೆಯುವಷ್ಟಾದ ಮೇಲೆ ತರುತ್ತಾನಂತೆ.

ನಿಮ್ಮ ಓಣಿಯಲ್ಲಿ ಎಷ್ಟಿವೆ? ಈ ರವಿವಾರ ಎಣಿಸಿ ನೋಡಿ.